ವಿಮಾನದ ವ್ಯಾಪಾರ: ಅನುಭವ ಯಾರದು, ನಷ್ಟ ಯಾರದು?

(ಯುವಜನರ ಅಧ್ಯಯನ ಶಿಬಿರದಲ್ಲಿ ಮಾಡಿದ ಭಾಷಣ)



ವಿಮಾನದ ವ್ಯಾಪಾರವನ್ನು ಕುರಿತು ಮಾತಾಡಬೇಕೆಂದು ಈ ಶಿಬಿರದ ಯುವಕರು ಕೇಳಿದಾಗ ನಮ್ಮಲ್ಲೇ ಕೆಲವರು ನಕ್ಕರು. ಸಂಜೆ ಆರು ಗಂಟೆಯ ಮೇಲೆ ಹಳ್ಳಿಗೆ ಬಸ್ಸು ಸಿಕ್ಕದ ಜನ ವಿಮಾನದ ಮಾತಾಡುವುದೆ ಎಂದು ಅವರ ಕುಹಕ. ಕುಹಕದಲ್ಲಿ ಹುರುಳಿಲ್ಲವೆಂದು ನಾವು ಹೇಳುವುದಿಲ್ಲ. ಆದರೆ ಕಲಬುರಗಿಯಲ್ಲಿ 2019ರಲ್ಲಿ, ಬೀದರಿನಲ್ಲಿ 2020ರಲ್ಲಿ, ಶಿವಮೊಗ್ಗದ ಸೋಗಾನೆಯಲ್ಲಿ 2023ರಲ್ಲಿ ವಿಮಾನ ನಿಲ್ದಾಣಗಳು ಬಾಗಿಲು ತೆರೆದಿವೆ. ಹಣ ಸಾರ್ವಜನಿಕರದು. ಹಾಗಿದ್ದ ಮೇಲೆ ಆ ರನ್‌ವೇಯ ಮೇಲೆ ಇಳಿಯುವ ವಿಮಾನ ಯಾರದು, ಅದು ಎಷ್ಟು ದಿನ ಇಳಿದೀತು, ನಿಂತುಹೋದರೆ ಬರೆ ಬೀಳುವುದು ಯಾರ ಬೆನ್ನಿಗೆ ಎಂದು ಕೇಳುವ ಹಕ್ಕು ಬಸ್ಸಿಗೆ ಕಾಯುವವನಿಗೂ ಉಂಟು.

ಯುವಕರು ಇಟ್ಟ ಪ್ರಶ್ನೆ ನೇರವಾದದ್ದು. ವಿಮಾನದ ಗಂಧಗಾಳಿಯಿಲ್ಲದವನು ಒಂದು ಸಣ್ಣ ವಿಮಾನ ಕಂಪೆನಿಯನ್ನು ತೆಗೆಯಬಹುದೆ? ತೆಗೆಯಬಹುದು, ತೆಗೆದಿದ್ದಾರೆ. ಅದಕ್ಕೆ ದೂರ ಹೋಗಬೇಕಾದ್ದಿಲ್ಲ. ನಮ್ಮ ನೆರೆಯ ಹಾಸನ ಜಿಲ್ಲೆಯೇ ಸಾಕು.

ಕ್ಯಾಪ್ಟನ್ ಜಿ. ಆರ್. ಗೋಪಿನಾಥ್ ಬೆಳೆದದ್ದು ಗೊರೂರಿನಲ್ಲಿ, ರಾಮಸ್ವಾಮಿ ಅಯ್ಯಂಗಾರ್ಯರಿಂದಾಗಿ ಕನ್ನಡಿಗರೆಲ್ಲ ಬಲ್ಲ ಆ ಗೊರೂರಿನಲ್ಲಿಯೇ. ಸೈನ್ಯಕ್ಕೆ ಸೇರಿದರು, 1971ರ ಯುದ್ಧವನ್ನು ಕಂಡರು, ಇನ್ನೂ ಚಿಕ್ಕ ವಯಸ್ಸಿನಲ್ಲೇ ಬಿಟ್ಟು ಬಂದರು. ಹೇಮಾವತಿ ಅಣೆಕಟ್ಟಿನ ನೀರಿನಲ್ಲಿ ಮನೆತನದ ಜಮೀನು ಮುಳುಗಿದಾಗ, ಬದಲಿಗೆ ಜಾವಗಲ್ಲಿನ ಕಡೆ ಸಿಕ್ಕ ಬರಡು ನೆಲದಲ್ಲಿ ಬೇಸಾಯ ಹೂಡಿದರು. ರೇಷ್ಮೆ ಹುಳು ಸಾಕಿದರು. ಹಾಸನದಲ್ಲಿ ಮೋಟಾರ್ ಸೈಕಲ್ ಮಾರಿದರು. ಚುನಾವಣೆಗೆ ನಿಂತು ಸೋತದ್ದೂ ಉಂಟು. ವಿಮಾನ ನಡೆಸುವ ಪರವಾನಿಗೆಯಾಗಲಿ, ಕೋಟಿಗಟ್ಟಲೆ ಹಣವಾಗಲಿ ಅವರಲ್ಲಿರಲಿಲ್ಲ. ಅಂಥವರು 1997ರಲ್ಲಿ ಬೆಂಗಳೂರಿನಲ್ಲಿ ಹೆಲಿಕಾಪ್ಟರ್ ಬಾಡಿಗೆಯ ಕಂಪೆನಿಯನ್ನೂ, 2003ರ ಆಗಸ್ಟ್‌ನಲ್ಲಿ ಏರ್ ಡೆಕ್ಕನ್ ವಿಮಾನ ಕಂಪೆನಿಯನ್ನೂ ಕಟ್ಟಿದರು. ಮೊದಲು ಹಾರಿದ್ದು ಬೆಂಗಳೂರು-ಹುಬ್ಬಳ್ಳಿ ನಡುವೆ, 48 ಆಸನಗಳ ಎಟಿಆರ್ ವಿಮಾನ.

ಈ ಕತೆ ಈಗ ಸಿನಿಮಾ ಆಗಿದೆ. 2020ರಲ್ಲಿ ಬಂದ ತಮಿಳಿನ 'ಸೂರರೈ ಪೋಟ್ರು' ಅವರ ಆತ್ಮಕತೆಯನ್ನು ಆಧರಿಸಿದ್ದು. ಸಿನಿಮಾದವರಿಗೆ ಒಬ್ಬ ನಾಯಕ ಬೇಕು, ಅವನೊಬ್ಬನೇ ಎಲ್ಲವನ್ನೂ ಗೆಲ್ಲಬೇಕು. ನಮಗೆ ಬೇಕಾದದ್ದು ಸಿನಿಮಾ ಅಲ್ಲ. ಆದ್ದರಿಂದ ಕತೆಯಲ್ಲಿ ಮಸುಕಾಗುವ ಎರಡು ಸಂಗತಿಗಳನ್ನು ನಾವು ಎತ್ತಿ ಹೇಳಬೇಕಾಗಿದೆ.

ಒಂದು: ಹೆಲಿಕಾಪ್ಟರ್ ಕಂಪೆನಿ ತೆಗೆಯುವಾಗ ಗೋಪಿನಾಥ್ ಒಬ್ಬರೇ ಇರಲಿಲ್ಲ. ಸೈನ್ಯದಲ್ಲಿ ಹೆಲಿಕಾಪ್ಟರ್ ನಡೆಸಿ ಪಳಗಿದ್ದ ಕ್ಯಾಪ್ಟನ್ ಕೆ. ಜೆ. ಸ್ಯಾಮ್ಯುಯೆಲ್ ಜೊತೆಗಿದ್ದರು. ಯಾವ ಯಂತ್ರ ಕೊಳ್ಳಬೇಕು, ಯಾರು ನಡೆಸಬೇಕು, ಎಷ್ಟು ಗಂಟೆ ಹಾರಿದ ಮೇಲೆ ಯಾವ ಭಾಗ ಬಿಚ್ಚಬೇಕು ಎಂಬ ತಿಳಿವಳಿಕೆ ಸೈನ್ಯದ ಖರ್ಚಿನಲ್ಲಿ, ಅಂದರೆ ನಮ್ಮೆಲ್ಲರ ಖರ್ಚಿನಲ್ಲಿ, ತಯಾರಾದ ತಿಳಿವಳಿಕೆ. ಎರಡು: 2003ರ ಹೊತ್ತಿಗೆ ಗೋಪಿನಾಥ್ ಅನನುಭವಿಯಾಗಿ ಉಳಿದಿರಲಿಲ್ಲ. ಆರು ವರ್ಷ ಹೆಲಿಕಾಪ್ಟರ್ ನಡೆಸಿ, ದಿಲ್ಲಿಯ ಕಚೇರಿಗಳ ಮೆಟ್ಟಿಲು ಹತ್ತಿ ಇಳಿದು, ಯಾವ ಕಾಗದ ಯಾವ ಮೇಜಿನ ಮೇಲೆ ಮಲಗುತ್ತದೆಂದು ಕಲಿತಿದ್ದರು. ಹೀಗೆ ಸಣ್ಣದರಲ್ಲಿ ಕಲಿತು ದೊಡ್ಡದಕ್ಕೆ ಕೈ ಹಾಕಿದರು.

ಹಾಗಾದರೆ ಅನುಭವ ಎಂಬುದು ಇರುವುದೆಲ್ಲಿ? ಇದೇ ನಮ್ಮ ಮಾತಿನ ತಿರುಳು. ಬಟ್ಟೆ ಅಂಗಡಿಯಲ್ಲಿ ಅನುಭವ ಗಲ್ಲೆಯ ಮೇಲೆ ಕೂತವನಲ್ಲಿರುತ್ತದೆ. ವಿಮಾನದಲ್ಲಿ ಹಾಗಲ್ಲ. ಅಲ್ಲಿ ಮಾಲೀಕನಿಗೆ ಕೆಲಸ ಗೊತ್ತಿರಲೇಬೇಕೆಂದು ಕಾನೂನು ಕೇಳುವುದಿಲ್ಲ. ಆದರೆ ಕೆಲಸ ಬಲ್ಲವರು ಇರಲೇಬೇಕೆಂದು ಕೇಳುತ್ತದೆ. ಕೇಂದ್ರ ಸರಕಾರದ ವಿಮಾನಯಾನ ಇಲಾಖೆಯಿಂದ ಮೊದಲು ನಿರಾಕ್ಷೇಪಣಾ ಪತ್ರ ಬರಬೇಕು. ಆಮೇಲೆ ವಿಮಾನಯಾನ ಮಹಾನಿರ್ದೇಶಕರ ಕಚೇರಿ, ಅಂದರೆ ಡಿಜಿಸಿಎ. ಅವರು ಐದು ಹಂತಗಳಲ್ಲಿ ಪರೀಕ್ಷೆ ಮಾಡುತ್ತಾರೆ. ಹಾರಾಟದ ಮುಖ್ಯಸ್ಥ ಯಾರು, ದುರಸ್ತಿಯ ಮುಖ್ಯಸ್ಥ ಯಾರು, ಸುರಕ್ಷತೆಗೆ ಯಾರು, ತರಬೇತಿಗೆ ಯಾರು ಎಂದು ಹೆಸರು ಹೆಸರಾಗಿ ಕೇಳಿ, ಒಬ್ಬೊಬ್ಬರ ಅರ್ಹತೆಯನ್ನೂ ನೋಡಿ ಒಪ್ಪಬೇಕು. ಕೈಪಿಡಿಗಳನ್ನು ಬರೆದು ಒಪ್ಪಿಸಬೇಕು. ಕೊನೆಗೆ ಟಿಕೇಟು ಮಾರದೆ, ತಪಾಸಣೆಯವರನ್ನು ಕೂರಿಸಿಕೊಂಡು ವಿಮಾನ ಹಾರಿಸಿ ತೋರಿಸಬೇಕು. ಇಷ್ಟು ದಿನವೂ ಒಂದು ಪೈಸೆಯ ವರಮಾನವಿಲ್ಲ. ಸಂಬಳ ಮಾತ್ರ ಮೊದಲ ದಿನದಿಂದಲೇ ಓಡುತ್ತಿರುತ್ತದೆ. ಅನನುಭವಿಗಳು ಮೊದಲು ಎಡವುವುದು ಇಲ್ಲೇ. ವಿಮಾನದ ಬೆಲೆಯನ್ನು ಲೆಕ್ಕ ಹಾಕಿರುತ್ತಾರೆ, ಕಾಯುವ ತಿಂಗಳುಗಳ ಬೆಲೆಯನ್ನು ಹಾಕಿರುವುದಿಲ್ಲ.

ದುರಸ್ತಿಯ ಎಂಜಿನಿಯರನ ಮಾತನ್ನು ಸ್ವಲ್ಪ ಬಿಡಿಸಿ ಹೇಳಬೇಕು. ದುರಸ್ತಿಯಾದ ವಿಮಾನ ಮತ್ತೆ ಹಾರಬೇಕಾದರೆ ಪರವಾನಿಗೆ ಪಡೆದ ಎಂಜಿನಿಯರ್ ಒಬ್ಬ ಪುಸ್ತಕದಲ್ಲಿ ರುಜು ಹಾಕಬೇಕು. ಆ ರುಜು ಇಲ್ಲದೆ ಪೈಲಟ್ ಎಂಜಿನು ಚಾಲೂ ಮಾಡುವ ಹಾಗಿಲ್ಲ. ಮಾಲೀಕ ಕೋಟ್ಯಧೀಶನಾಗಿರಲಿ, ಮಂತ್ರಿ ಒಳಗೆ ಕೂತು ಗಡಿಯಾರ ನೋಡುತ್ತಿರಲಿ, ಎಂಜಿನಿಯರ್ ಇಲ್ಲವೆಂದರೆ ಇಲ್ಲ. ತಿಂಗಳ ಸಂಬಳದವನೊಬ್ಬನ ಕೈಗೆ ಇಷ್ಟು ಅಧಿಕಾರ ಕೊಟ್ಟಿರುವ ಉದ್ದಿಮೆಗಳು ಬಹಳವಿಲ್ಲ. ಈಗ ಆ ಎಂಜಿನಿಯರನಿಗೆ ಮೂರು ತಿಂಗಳಿಂದ ಸಂಬಳ ಬಂದಿಲ್ಲ ಎಂದು ಊಹಿಸಿಕೊಳ್ಳಿ. ಅವನ ರುಜುವಿನ ಮೇಲೆ ನಂಬಿಕೆಯಿಟ್ಟೇ ನಾವು ನೀವು ವಿಮಾನ ಹತ್ತುವುದು. ಸಂಬಳ ಬಾಕಿ ಇಡುವುದು ಬೇರೆ ಕಡೆ ಅನ್ಯಾಯ. ಇಲ್ಲಿ ಅನ್ಯಾಯವೂ ಹೌದು, ಅಪಾಯವೂ ಹೌದು.

ಅಪಾಯ ಬರಿಯ ಮಾತಲ್ಲ. ಏರ್ ಡೆಕ್ಕನ್ ಶುರುವಾದ ವರ್ಷವೇ, ಹೈದರಾಬಾದಿನಿಂದ ವಿಜಯವಾಡಕ್ಕೆ ಗಣ್ಯರನ್ನು ಕೂರಿಸಿಕೊಂಡು ಹೊರಡಬೇಕಿದ್ದ ಉದ್ಘಾಟನೆಯ ವಿಮಾನದ ಎಂಜಿನಿನಲ್ಲಿ ನೆಲದ ಮೇಲೆಯೇ ಬೆಂಕಿ ಕಾಣಿಸಿಕೊಂಡಿತು. ಎಲ್ಲರನ್ನೂ ಇಳಿಸಿದರು, ಜೀವ ಹೋಗಲಿಲ್ಲ. ಕಂಪೆನಿ ಅದನ್ನು ದಾಟಿ ನಿಂತಿತು.

ಇನ್ನು ಹಣದ ಮಾತು. ಸಣ್ಣ ಕಂಪೆನಿ ವಿಮಾನವನ್ನು ಕೊಳ್ಳುವುದಿಲ್ಲ, ಬಾಡಿಗೆಗೆ ತರುತ್ತದೆ. ಬಾಡಿಗೆ ಡಾಲರಿನಲ್ಲಿ, ನಾವು ಟಿಕೇಟು ಮಾರುವುದು ರೂಪಾಯಿಯಲ್ಲಿ. ವಿಮಾನ ಹಾರಲಿ ನಿಲ್ಲಲಿ, ತಿಂಗಳಿಗೆ ಬಾಡಿಗೆ ಕಟ್ಟಬೇಕು. ಎಂಜಿನಿನ ಮುಂದಿನ ರಿಪೇರಿಗೆಂದು, ಹಾರಿದ ಗಂಟೆಗಿಷ್ಟು ಎಂದು ಬೇರೆ ತೆಗೆದಿಡಬೇಕು. ಇಂಧನಕ್ಕೆ ರಾಜ್ಯ ರಾಜ್ಯಕ್ಕೂ ಬೇರೆ ಬೇರೆ ಮಾರಾಟ ತೆರಿಗೆ. ಕೆಲವು ಕಡೆ ನೂರಕ್ಕೆ 25ನ್ನು ಮೀರಿದ್ದೂ ಉಂಟು. ಎಟಿಆರ್‌ನಂಥ ಚಿಕ್ಕ ವಿಮಾನಗಳಿಗೆ ತೆರಿಗೆಯಲ್ಲೂ ಇಳಿಯುವ ಶುಲ್ಕದಲ್ಲೂ ರಿಯಾಯಿತಿ ಸಿಕ್ಕಿತು. ಜಿಲ್ಲೆಗಳಿಗೆ ಚಿಕ್ಕ ವಿಮಾನವೇ ಬಂದದ್ದಕ್ಕೆ ಅದೂ ಒಂದು ಕಾರಣ. ಇನ್ನೊಂದು ಕಾರಣ ಹೇಳಿದರೆ ನಗುತ್ತೀರಿ: 50 ಆಸನದವರೆಗೆ ಒಬ್ಬಳೇ ಪರಿಚಾರಕಿ ಸಾಕು, 51ನೆಯ ಆಸನ ಇಟ್ಟರೆ ಎರಡನೆಯವಳು ಬೇಕು. ಪೈಲಟ್‌ಗಳಲ್ಲಿ ಆ ಉಳಿತಾಯವಿಲ್ಲ. 48 ಜನರಿಗೂ ಇಬ್ಬರು, 180 ಜನರಿಗೂ ಇಬ್ಬರು. ಹಾಗಾಗಿ ಚಿಕ್ಕ ವಿಮಾನದಲ್ಲಿ ತಲೆಗೆ ಬೀಳುವ ಖರ್ಚು ಯಾವಾಗಲೂ ಹೆಚ್ಚು. ಬಡ ಊರಿಗೆ ದುಬಾರಿ ವಿಮಾನ, ದೊಡ್ಡ ಊರಿಗೆ ಅಗ್ಗದ ವಿಮಾನ ಎಂಬ ವಿಪರ್ಯಾಸಕ್ಕೆ ಇದು ಮೂಲ.

ಆಸನವೆಂಬ ಸರಕು ಬೆಳಿಗ್ಗೆ ಕರೆದ ಹಾಲಿನ ಹಾಗೆ. ವಿಮಾನದ ಬಾಗಿಲು ಹಾಕಿದ ಕ್ಷಣವೇ ಮಾರಾಟವಾಗದ ಆಸನ ಒಡೆದುಹೋಯಿತು. ನಾಳೆಗೆ ಹೆಪ್ಪು ಹಾಕುವ ಹಾಗೂ ಇಲ್ಲ. 48 ಆಸನದಲ್ಲಿ 40 ತುಂಬಿದರೆ ಆ ಹಾರಾಟದ ಖರ್ಚು ಹುಟ್ಟುತ್ತದೆ ಎಂದು ಇಟ್ಟುಕೊಳ್ಳಿ. 39 ಬಂದರೆ ನಷ್ಟ, 41 ಬಂದರೆ ಲಾಭ. ಇಡೀ ಕಂಪೆನಿಯ ಹಣೆಬರಹ ಆ ಒಂದೆರಡು ಆಸನಗಳಲ್ಲಿರುತ್ತದೆ. ಏರ್ ಡೆಕ್ಕನ್ ಒಂದು ರೂಪಾಯಿಗೆ ಟಿಕೇಟು ಮಾರಿದ್ದರ ಗುಟ್ಟು ಇದೇ. ತೆರಿಗೆ, ಶುಲ್ಕ ಬೇರೆ. ಮತ್ತು ಎಲ್ಲ ಆಸನವೂ ಒಂದು ರೂಪಾಯಿಗಲ್ಲ. ಹೇಗೂ ಖಾಲಿ ಹೋಗುವ ಕೆಲವನ್ನು ಬಹಳ ಮುಂಚೆಯೇ ಮಾರಿಬಿಡುವುದು, ದಿನ ಹತ್ತಿರ ಬಂದಂತೆ ಬೆಲೆ ಏರಿಸುವುದು. ಊಟ ಕೊಡಲಿಲ್ಲ, ನೀರಿಗೂ ದುಡ್ಡು ತೆಗೆದುಕೊಂಡರು, ಏಜೆಂಟರ ಕಮಿಷನ್ನು ಉಳಿಸಲು ಟಿಕೇಟನ್ನು ಇಂಟರ್‌ನೆಟ್ಟಿನಲ್ಲಿ ಮಾರಿದರು. ಆರ್. ಕೆ. ಲಕ್ಷ್ಮಣರ ಶ್ರೀಸಾಮಾನ್ಯನ ಚಿತ್ರವನ್ನು ಕಂಪೆನಿಯ ಗುರುತಾಗಿ ಮಾಡಿಕೊಂಡರು. ಎಂದೂ ವಿಮಾನ ಹತ್ತದ ಎಷ್ಟೋ ಜನ ಹತ್ತಿದ್ದು ನಿಜ, ಅದನ್ನು ಅಲ್ಲಗಳೆಯುವುದು ಸಣ್ಣತನ.

ಆದರೆ ಮುಂದೇನಾಯಿತು? ಅಗ್ಗದ ಪೈಪೋಟಿಗೆ ಇನ್ನಷ್ಟು ಕಂಪೆನಿಗಳು ಇಳಿದವು. ಏರ್ ಡೆಕ್ಕನ್ ಅರವತ್ತಕ್ಕೂ ಹೆಚ್ಚು ಊರುಗಳಿಗೆ ಹರಡಿಕೊಂಡಿತು. ನಷ್ಟವೂ ಜೊತೆಯಲ್ಲೇ ಹರಡಿತು. 2006ರಲ್ಲಿ ಷೇರುಗಳನ್ನು ಸಾರ್ವಜನಿಕರಿಗೆ ಮಾರಿದರು. ಸಾಲದೆ ಹೋಗಿ 2007ರಲ್ಲಿ ವಿಜಯ್ ಮಲ್ಯರ ಯುಬಿ ಗುಂಪಿಗೆ ನೂರಕ್ಕೆ 26ರಷ್ಟು ಪಾಲನ್ನು 550 ಕೋಟಿ ರೂಪಾಯಿಗೆ ಕೊಟ್ಟರು. 2008ರಲ್ಲಿ ಡೆಕ್ಕನ್ ಎಂಬ ಹೆಸರೇ ಅಳಿಸಿ ಕಿಂಗ್‌ಫಿಷರ್ ರೆಡ್ ಎಂದಾಯಿತು.

ಮಲ್ಯರಿಗೂ ವಿಮಾನದ ಅನುಭವವಿರಲಿಲ್ಲ. ಬಿಯರಿನ ಹೆಸರನ್ನೇ ವಿಮಾನಕ್ಕಿಟ್ಟು 2005ರಲ್ಲಿ ಶುರುಮಾಡಿದ ಕಂಪೆನಿ ಅದು. ಗೋಪಿನಾಥರ ಹತ್ತಿರ ಹಣವಿರಲಿಲ್ಲ, ಇವರ ಹತ್ತಿರ ಬೇಕಾದಷ್ಟಿತ್ತು. ಎರಡೂ ಒಂದೇ ಗುಂಡಿಗೆ ಬಿದ್ದವು. ಕಿಂಗ್‌ಫಿಷರ್ ಒಂದು ವರ್ಷವಾದರೂ ಲಾಭ ಕಾಣಲಿಲ್ಲ. 2012ರಲ್ಲಿ ತಿಂಗಳುಗಟ್ಟಲೆ ಸಂಬಳ ನಿಂತಿತು, ಎಂಜಿನಿಯರುಗಳೂ ಪೈಲಟ್‌ಗಳೂ ಕೆಲಸ ನಿಲ್ಲಿಸಿದರು, ಅಕ್ಟೋಬರಿನಲ್ಲಿ ವಿಮಾನಗಳು ನೆಲ ಹಿಡಿದವು. ಸ್ಟೇಟ್ ಬ್ಯಾಂಕಿನ ನೇತೃತ್ವದ 17 ಬ್ಯಾಂಕುಗಳಿಗೆ ಬರಬೇಕಾಗಿದ್ದದ್ದು, ಬಡ್ಡಿ ಸೇರಿ, ಸುಮಾರು 9,000 ಕೋಟಿ ರೂಪಾಯಿ. 2016ರ ಮಾರ್ಚಿಯಲ್ಲಿ ಮಾಲೀಕರು ದೇಶ ಬಿಟ್ಟರು.

ಇದನ್ನು ಒಬ್ಬ ಮನುಷ್ಯನ ಗುಣದೋಷವೆಂದು ಬಿಟ್ಟರೆ ನಾವು ಏನನ್ನೂ ಕಲಿತಂತಾಗಲಿಲ್ಲ. ಈಸ್ಟ್-ವೆಸ್ಟ್, ದಮಾನಿಯಾ, ಮೋದಿಲುಫ್ತ್, ಎನ್‌ಇಪಿಸಿ, 1990ರ ದಶಕದಲ್ಲಿ ಹುಟ್ಟಿ ಅದೇ ದಶಕದಲ್ಲಿ ಸತ್ತವು. ಇಪ್ಪತ್ತೈದು ವರ್ಷ ಬಾಳಿದ ಜೆಟ್ ಏರ್‌ವೇಸ್ 2019ರ ಏಪ್ರಿಲಿನಲ್ಲಿ ನಿಂತಿತು. ಗೋ ಫಸ್ಟ್ 2023ರ ಮೇನಲ್ಲಿ. ಇವುಗಳಲ್ಲಿ ಕೆಲವಕ್ಕೆ ಅನುಭವವೇನೂ ಕಡಿಮೆ ಇರಲಿಲ್ಲ.

ಇನ್ನೂ ಹಿಂದಕ್ಕೆ ಹೋದರೂ ಇದೇ ಹಾಡು. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಅಮೆರಿಕದ ಸೈನ್ಯ ಬಿಟ್ಟುಹೋದ ಡಕೋಟಾ ವಿಮಾನಗಳು ನಮ್ಮ ದೇಶದಲ್ಲಿ ಅಗ್ಗಕ್ಕೆ ಸಿಕ್ಕವು. ವ್ಯಾಪಾರಿಗಳು, ಗಿರಣಿ ಮಾಲೀಕರು ಲೈಸೆನ್ಸಿಗೆ ಮುಗಿಬಿದ್ದರು. ಸರಕಾರವೂ ಕೈ ಬಿಚ್ಚಿ ಕೊಟ್ಟಿತು. ಪ್ರಯಾಣಿಕರು ಇಷ್ಟೇ, ವಿಮಾನಗಳು ಅಷ್ಟು. ಅಂಬಿಕಾ, ಜುಪಿಟರ್ ಎಂಬ ಕಂಪೆನಿಗಳು ಬೇಗನೆ ಮುಚ್ಚಿದವು, ಉಳಿದವು ಸರಕಾರದ ಸಹಾಯದಿಂದ ಉಸಿರಾಡಿದವು. 1953ರಲ್ಲಿ ಕಾಯಿದೆ ಮಾಡಿ ರಾಷ್ಟ್ರೀಕರಣ ಮಾಡಿದಾಗ ಎಂಟು ಕಂಪೆನಿಗಳು ಸೇರಿ ಇಂಡಿಯನ್ ಏರ್‌ಲೈನ್ಸ್ ಆಯಿತು. ಮಾಲೀಕರಿಗೆ ಪರಿಹಾರ ಸಿಕ್ಕಿತು. ಆ ಕಾಯಿದೆಯನ್ನು 1994ರಲ್ಲಿ ತೆಗೆದುಹಾಕಿ ಬಾಗಿಲನ್ನು ಮತ್ತೆ ತೆರೆದರು; 2022ರ ಜನವರಿಯಲ್ಲಿ ಏರ್ ಇಂಡಿಯಾ ಟಾಟಾದವರ ಕೈಗೆ ಮರಳಿತು. ರಾಷ್ಟ್ರೀಕರಣದ ಗುಣಾವಗುಣಗಳನ್ನು ಇನ್ನೊಂದು ದಿನ ಚರ್ಚಿಸೋಣ.

ಹೊರಗಿನ ಒಂದು ಉದಾಹರಣೆಯನ್ನು ಮಾತ್ರ ಹೇಳಿ ಮುಂದೆ ಹೋಗುತ್ತೇವೆ, ಏಕೆಂದರೆ ಗೋಪಿನಾಥರೂ ಸೇರಿ ಜಗತ್ತಿನ ಅಗ್ಗದ ವಿಮಾನದವರೆಲ್ಲ ಕಣ್ಣಿಟ್ಟದ್ದು ಅದರ ಮೇಲೆ. ಅಮೆರಿಕದ ಟೆಕ್ಸಾಸಿನಲ್ಲಿ 1971ರಲ್ಲಿ ಸೌತ್‌ವೆಸ್ಟ್ ಕಂಪೆನಿ ಹಾರಾಟ ಶುರುಮಾಡಿತು. ಕಟ್ಟಿದವರಲ್ಲಿ ಒಬ್ಬರು ಹರ್ಬ್ ಕೆಲ್ಲೆಹರ್ ಎಂಬ ವಕೀಲರು. ಹಳೆಯ ಕಂಪೆನಿಗಳು ಹೂಡಿದ ದಾವೆಗಳನ್ನು ವರ್ಷಗಟ್ಟಲೆ ಹೋರಾಡಿ ಗೆದ್ದವರು ಅವರು. ಆದರೆ ಕಂಪೆನಿ ನಡೆಸಲು ಮೊದಲಿಗೆ ತಾವು ಕೂರಲಿಲ್ಲ. ಆ ಕಸುಬಿನಲ್ಲೇ ಪಳಗಿದ್ದ ಲಾಮಾರ್ ಮ್ಯೂಸ್ ಎಂಬುವರನ್ನು ತಂದು ಕೂರಿಸಿದರು. ಮರುವರ್ಷ ಕೈಯಲ್ಲಿ ಕಾಸಿಲ್ಲದೆ ಇದ್ದ ನಾಲ್ಕು ವಿಮಾನಗಳಲ್ಲಿ ಒಂದನ್ನು ಮಾರಬೇಕಾಯಿತು. ವೇಳಾಪಟ್ಟಿಯನ್ನು ಮಾತ್ರ ಕಡಿಮೆ ಮಾಡಲಿಲ್ಲ. ನೆಲದ ಮೇಲಿನ ಕೆಲಸಗಾರರು ಇಳಿಸುವುದು, ಗುಡಿಸುವುದು, ಹತ್ತಿಸುವುದನ್ನೆಲ್ಲ ಹತ್ತು ನಿಮಿಷದಲ್ಲಿ ಮುಗಿಸಿ ವಿಮಾನವನ್ನು ವಾಪಸು ಕಳಿಸಿದರು. ನಾಲ್ಕು ವಿಮಾನದ ಕೆಲಸವನ್ನು ಮೂರು ಮಾಡಿದವು. ಸಾಮಾನು ಹೊರುವವರ ಬೆನ್ನು ಕಂಪೆನಿಯನ್ನು ಉಳಿಸಿತು ಎಂದರೆ ಅತಿಶಯವಲ್ಲ.

ಈಗ ನಮ್ಮ ಜಿಲ್ಲೆಗಳ ವಿಚಾರಕ್ಕೆ ಬರೋಣ. 2016ರಲ್ಲಿ ಕೇಂದ್ರ ಸರಕಾರ 'ಉಡಾನ್' ಯೋಜನೆಯನ್ನು ಸಾರಿತು. ಸಣ್ಣ ಊರುಗಳ ನಡುವೆ ವಿಮಾನ ಹಾರಿಸುವವರಿಗೆ ಮೂರು ವರ್ಷ ನಷ್ಟ ತುಂಬಿಕೊಡುವುದು. ಅದಕ್ಕೆ ಪ್ರತಿಯಾಗಿ ಒಂದಿಷ್ಟು ಆಸನಗಳನ್ನು ಗಂಟೆಯ ಹಾರಾಟಕ್ಕೆ 2,500 ರೂಪಾಯಿ ಎಂಬಂಥ ಮಿತಿಯೊಳಗೆ ಮಾರಬೇಕು. ಉದ್ದೇಶ ಚೆನ್ನಾಗಿದೆ. ಹೊಸಬರು, ಸಣ್ಣವರು ಬಂದರು. ಏರ್ ಡೆಕ್ಕನ್ ಹೆಸರೂ 2017ರಲ್ಲಿ ಮತ್ತೆ ಎದ್ದು, 2020ರಲ್ಲಿ ಮತ್ತೆ ಮಲಗಿತು. ಮಹಾಲೇಖಪಾಲರು 2023ರಲ್ಲಿ ಕೊಟ್ಟ ವರದಿ ಏನು ಹೇಳುತ್ತದೆ? ಮೊದಲ ಮೂರು ಸುತ್ತುಗಳಲ್ಲಿ ಹಂಚಿದ 774 ಮಾರ್ಗಗಳಲ್ಲಿ 403 ಶುರುವೇ ಆಗಲಿಲ್ಲ. ಶುರುವಾದ 371ರಲ್ಲಿ ಮೂರು ವರ್ಷದ ಅವಧಿ ಮುಗಿಸಿದವು 112. ನೆರವು ನಿಂತ ಮೇಲೂ 2023ರ ಮಾರ್ಚಿಯ ಹೊತ್ತಿಗೆ ಉಳಿದಿದ್ದವು 54. ಹಂಚಿದ ಮಾರ್ಗಗಳಲ್ಲಿ ಕೊನೆಗೆ ಊರುಗೋಲಿಲ್ಲದೆ ನಡೆದದ್ದು ಹದಿನಾಲ್ಕರಲ್ಲಿ ಒಂದು ಎಂದಾಯಿತು. ಹೊಸ ಕಂಪೆನಿ ತೆಗೆಯುವ ಯುವಕರು ಈ ಅಂಕಿಗಳನ್ನು ಬರೆದಿಟ್ಟುಕೊಳ್ಳಬೇಕು. ಸರಕಾರದ ನೆರವನ್ನು ವರಮಾನವೆಂದು ಎಣಿಸಿದವನು ನಾಲ್ಕನೆಯ ವರ್ಷ ಕಾಣುವುದಿಲ್ಲ.

ಕೆಲಸಗಾರರ ಕೈಗೇ ಕಂಪೆನಿ ಕೊಟ್ಟರೆ ಎಲ್ಲ ಸರಿಹೋಗುತ್ತದಲ್ಲ ಎಂದು ನಮ್ಮಲ್ಲಿ ಕೆಲವರು ಕೇಳುತ್ತಾರೆ. ವಿಮಾನದಲ್ಲಿ ಅಂಥ ಉದಾಹರಣೆ ನಮ್ಮ ಕಡೆ ಇಲ್ಲ, ಬಸ್ಸಿನಲ್ಲಿ ಉಂಟು. 1991ರಲ್ಲಿ ಕೊಪ್ಪದ ಖಾಸಗಿ ಬಸ್ ಕಂಪೆನಿಯೊಂದು ಮುಚ್ಚಿದಾಗ ಅದರ ಕಾರ್ಮಿಕರು ಸೇರಿ ಸಹಕಾರ ಸಾರಿಗೆಯನ್ನು ಕಟ್ಟಿದರು. ಡ್ರೈವರು, ಕಂಡಕ್ಟರು, ಮೆಕಾನಿಕ್ಕುಗಳೇ ಮಾಲೀಕರು. ಬಂಡವಳವಿರಲಿಲ್ಲ, ಕೆಲಸ ಗೊತ್ತಿತ್ತು. ವಿಮಾನದ ಸಾಹುಕಾರರ ಸ್ಥಿತಿಗೆ ತಿರುಗುಮುರುಗು. ಮಲೆನಾಡಿನ ಮೂಲೆಮೂಲೆಗೆ ಬಸ್ಸು ಓಡಿಸಿ, ಇಪ್ಪತ್ತೆಂಟು ವರ್ಷ ನಡೆಸಿದರು. ಇಷ್ಟು ವರ್ಷ ಬಾಳಿದ ಖಾಸಗಿ ವಿಮಾನ ಕಂಪೆನಿ ಈ ದೇಶದಲ್ಲಿ ಬಹಳವಿಲ್ಲ. ಆದರೆ ಅದೂ 2020ರ ಫೆಬ್ರವರಿಯಲ್ಲಿ ನಿಂತಿತು. ಡೀಸೆಲ್ಲಿನ ಬೆಲೆಗೆ, ತೆರಿಗೆಗೆ, ಸಾಲಕ್ಕೆ ಒಳ್ಳೆಯವರು ಕೆಟ್ಟವರು ಎಂಬ ಭೇದವಿಲ್ಲ. ಕೆಲಸಗಾರರ ಒಡೆತನ ಒಳ್ಳೆಯದೆಂದು ನಾವು ಈಗಲೂ ಹೇಳುತ್ತೇವೆ. ಲೆಕ್ಕ ಬೇಡವೆಂದು ಹೇಳುವುದಿಲ್ಲ.

ಕಂಪೆನಿ ಬಿದ್ದಾಗ ನಷ್ಟ ಹೊರುವವರು ಯಾರು ಎಂಬುದೊಂದು ಉಳಿದಿದೆ. ವಿಮಾನ ಬಾಡಿಗೆ ಕೊಟ್ಟ ವಿದೇಶದ ಕಂಪೆನಿಗಳು ಗೋ ಫಸ್ಟ್ ಬಿದ್ದಾಗ ತಮ್ಮ ವಿಮಾನಗಳು ಸಿಕ್ಕಿಹಾಕಿಕೊಂಡವೆಂದು ಕೂಗೆಬ್ಬಿಸಿದವು. ಸರಕಾರಕ್ಕೆ ಕೇಳಿಸಿತು. 2023ರ ಅಕ್ಟೋಬರಿನಲ್ಲೇ ದಿವಾಳಿ ಕಾನೂನಿನ ತಡೆಯಿಂದ ವಿಮಾನಗಳಿಗೆ ವಿನಾಯಿತಿ ಕೊಟ್ಟ ಪ್ರಕಟಣೆ ಬಂತು. 2025ರಲ್ಲಿ ಅದಕ್ಕೆಂದೇ ಹೊಸ ಕಾಯಿದೆಯೂ ಆಯಿತು. ತಪ್ಪೆಂದು ನಾವು ಹೇಳುವುದಿಲ್ಲ. ಅದಿಲ್ಲದೆ ಬಾಡಿಗೆ ಇನ್ನೂ ದುಬಾರಿಯಾಗುತ್ತಿತ್ತು ಎಂಬ ವಾದದಲ್ಲಿ ಸತ್ಯವಿದೆ. ಆದರೆ ಆ ವಿಮಾನವನ್ನು ತೊಳೆದವನಿಗೆ, ಅದರ ಪುಸ್ತಕಕ್ಕೆ ರುಜು ಹಾಕಿದವನಿಗೆ ಇಂಥ ಅವಸರದ ಕಾಯಿದೆ ಯಾವುದಾಯಿತು? ಮಗಳ ಮದುವೆಗೆ ಹೋಗಲು ಎರಡು ತಿಂಗಳು ಮುಂಚೆ ಟಿಕೇಟು ಕೊಂಡವನಿಗೆ? ಅವನು ಕೊಟ್ಟದ್ದು ಪ್ರಯಾಣದ ದರ ಎಂದು ಅವನು ತಿಳಿದಿರುತ್ತಾನೆ. ಕಂಪೆನಿಯ ಲೆಕ್ಕದಲ್ಲಿ ಅದು ಬಡ್ಡಿಯಿಲ್ಲದ ಸಾಲ. ಇವತ್ತಿನ ಇಂಧನಕ್ಕೆ ಸುರಿಯುವುದು ಮುಂದಿನ ತಿಂಗಳ ಪ್ರಯಾಣಿಕನ ಹಣ. ಕಂಪೆನಿ ಮುಳುಗಿದರೆ ಅವನು ಸಾಲಗಾರರ ಸಾಲಿನ ಬಾಲದಲ್ಲಿ ನಿಲ್ಲುತ್ತಾನೆ.

ಹೊಸದಾಗಿ ಕಂಪೆನಿ ತೆಗೆಯಬೇಕೆಂಬ ಗೆಳೆಯರಿಗೆ ನಾವು ಹೇಳುವುದು ಇಷ್ಟು. ಮೊದಲು ವಿಮಾನದ ಬಣ್ಣ, ಹೆಸರು, ಪರಿಚಾರಕಿಯರ ಉಡುಪು ಆರಿಸಲು ಕೂರಬೇಡಿ. ದುರಸ್ತಿ ಮತ್ತು ಹಾರಾಟದ ಮುಖ್ಯಸ್ಥರನ್ನು ಹುಡುಕಿ. ಇಲ್ಲ ಎನ್ನುವ ಅಧಿಕಾರವನ್ನು ಅವರಿಗೆ ಬರಹದಲ್ಲಿ ಕೊಡಿ. ಒಂದೂ ಟಿಕೇಟು ಮಾರದೆ ಒಂದು ವರ್ಷದ ಸಂಬಳ, ಬಾಡಿಗೆ ಕೊಡುವಷ್ಟು ಹಣವಿದ್ದರೆ ಮಾತ್ರ ದಿಲ್ಲಿಗೆ ಅರ್ಜಿ ಹಾಕಿ. ಆಗದಿದ್ದರೆ ಗೋಪಿನಾಥರು ಮಾಡಿದ ಹಾಗೆ ಒಂದೆರಡು ಯಂತ್ರಗಳ ಬಾಡಿಗೆ ವ್ಯಾಪಾರದಿಂದ ಹತ್ತಿ ಬನ್ನಿ.

ಸರಕಾರದ ಮುಂದೆ ನಮ್ಮ ಬೇಡಿಕೆ ಎರಡು. ಅಮೆರಿಕದಲ್ಲಿ ಚಾರ್ಟರ್ ವಿಮಾನದ ಪ್ರಯಾಣಿಕರಿಂದ ಮುಂಗಡವಾಗಿ ಪಡೆದ ಹಣಕ್ಕೆ ಠೇವಣಿ ಖಾತೆ ಅಥವಾ ಜಾಮೀನಿನ ರಕ್ಷಣೆ ಇರಬೇಕೆಂಬ ನಿಯಮ ಉಂಟು. ಅಂಥ ನಿಯಮ ಇಲ್ಲಿ, ಕೊನೆಯ ಪಕ್ಷ ಹೊಸ ಕಂಪೆನಿಗಳಿಗೆ ಮೊದಲ ಮೂರು ವರ್ಷವಾದರೂ, ಬರಬೇಕು. ಇನ್ನೊಂದು, ಸಾರ್ವಜನಿಕರ ಹಣದ ನೆರವು ಪಡೆಯುವ ಪ್ರತಿ ಕಂಪೆನಿಯೂ ಮುಂದಿನ ಮೂರು ತಿಂಗಳ ಸಂಬಳವನ್ನು ಬ್ಯಾಂಕಿನಲ್ಲಿ ಮೊದಲೇ ಇಟ್ಟು, ಅದರ ರಸೀದಿಯನ್ನು ತೋರಿಸಿದ ಮೇಲೆಯೇ ಮುಂದಿನ ಕಂತಿನ ನೆರವು ಬಿಡುಗಡೆಯಾಗಬೇಕು. ಇವನ್ನು ಠರಾವಿನ ರೂಪದಲ್ಲಿ ಬರೆದು ತಂದಿದ್ದೇವೆ. ಊಟದ ನಂತರ ಓದಿ ಹೇಳುತ್ತೇವೆ; ತಿದ್ದುಪಡಿ ಇರುವವರು ಬರೆದು ಕೊಡಬಹುದು.